ಟ್ರುಡ್ಕಾ ತಂದ ಪಾರಿವಾಳಗಳು

ಕಟೋವಿಟ್ಸೆ,
೨೪ ಜುಲೈ ೧೯೩೯, ಸೋಮವಾರ

ನನ್ನ ಮುದ್ದು ಟ್ರುಡ್ಕಾ,

ಬಸುರಿ ಹೆಂಗಸು ಹೇಗಿದ್ದೀಯೆ? ಕಾಲಿನ ಬಾವು ಇಳಿಯಿತೇ? ಶನಿವಾರ ಸಂತ ಮಾರ್ಥಾಳ ದಿನ, ನನ್ನ ಹೆಸರಿನ ಹಬ್ಬಕ್ಕೆ ಗಡಿ ದಾಟಿ ಬರುತ್ತೇನೆಂದು ಬರೆದಿದ್ದೀಯಲ್ಲ, ಬೇಡ ಕಣೇ. ಈ ಸಲ ಕೇಕು ಗೀಕು ಏನೂ ಮಾಡುತ್ತಿಲ್ಲ. ಮಂಡಿನೋವು, ಸೆಕೆ ಬೇರೆ. ಟಪಾಲಿನವರು ಈಗ ಎಲ್ಲವನ್ನೂ ಒಡೆದು ಓದುತ್ತಾರೆ, ಅದಕ್ಕೇ ಇದನ್ನು ಗಡಿಯಾಚೆಗೂ ಬೆಣ್ಣೆ ಮಾರುವ ಪೆಲಾ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು.

ಈಸ್ಟರಿಗೆ ನೀನು ಜರ್ಮನಿಯ ಕಡೆಯಿಂದ ಬುಟ್ಟಿಯಲ್ಲಿ ತಂದುಕೊಟ್ಟ ಪಾರಿವಾಳಗಳ ಸುದ್ದಿ ಹೇಳಬೇಕು. ಅಪ್ಪ ಹೋದ ಮೇಲೆ ಗೂಡು ಖಾಲಿ ಬಿದ್ದಿದೆ, ಇವು ಅಲ್ಲಿ ನಮ್ಮ ಮನೆಯಲ್ಲಿ ಹುಟ್ಟಿದವು, ಸಾಕ್ಕೋ ಅಮ್ಮ, ಹೊಂದ್ಕೊಳ್ತವೆ ಅಂದೆ ನೀನು. ಹಿಂದೆಯೇ ರೈಲ್ವೆ ಗುಮಾಸ್ತ ಗ್ರೂಷ್ಕಾನನ್ನು ಬಾಡಿಗೆಗೆ ಕಳಿಸಿದೆ, ನಿನ್ನ ಗಂಡನಿಗೆ ಪರಿಚಯವೆಂದು. ಮಾತು ಮಾತಿಗೂ ಅಮ್ಮಾವ್ರೆ ಅನ್ನುವವನು. ನೀವ್ಯಾಕೆ ಏಣಿ ಹತ್ತುತ್ತೀರ ಅಮ್ಮಾವ್ರೆ, ಕಾಳು ನಾನೇ ಹಾಕ್ತೀನಿ ಎಂದು ಗೂಡಿನ ಬೀಗದ ಕೈ ಇಟ್ಟುಕೊಂಡ. ನಮ್ಮ ಪೋಲಿಷ್ ಸೈನಿಕರನ್ನು ತುಂಬಿಕೊಂಡು ರೈಲು ಹೋದಾಗಲೆಲ್ಲ ಮರುದಿನ ಒಂದು ಪಾರಿವಾಳ ಕಾಣೆ. ಕೇಳಿದರೆ, ಗಿಡುಗ ಹೊತ್ಕೊಂಡು ಹೋಯ್ತು ಅನ್ನುವನು. ಗಿಡುಗವೂ ರೈಲಿನ ವೇಳೆ ನೋಡಿಕೊಂಡು ಬರುತ್ತದೆಯೇ?

ಪಾರಿವಾಳ ಹುಟ್ಟಿದ ಗೂಡಿಗೇ ಹಾರುತ್ತದೆ, ಬೆಳೆದ ಮೇಲೆ ತಂದದ್ದು ಬೇರೆಡೆ ನಿಲ್ಲುವುದಿಲ್ಲ ಎಂಬುದು ನಮ್ಮ ಗಣಿಕೇರಿಯ ಮಕ್ಕಳಿಗೂ ಗೊತ್ತು. ಬರ್ಲಿನ್ನಿನವನಾದ ನಿನ್ನ ಹೆಲ್ಮುಟ್, ಈ ಮುದುಕಿಗೇನು ತಿಳಿಯುತ್ತದೆ ಎಂದುಕೊಂಡಿರಬಹುದು. ಆದರೆ ನೀನು? ಅಪ್ಪನ ತೊಡೆಯ ಮೇಲೆ ಕೂತು, ಪಂದ್ಯದ ಹಕ್ಕಿಗಳ ದಾರಿ ಕಾಯುತ್ತ ಬೆಳೆದವಳು. ಅಮ್ಮ ಬಾಯಿ ಮುಚ್ಚಿಕೊಂಡಿರುತ್ತಾಳೆ ಎಂದು ತಂದುಕೊಟ್ಟೆಯೋ, ಅಮ್ಮ ಸುಮ್ಮನಿರುವವಳಲ್ಲ ಎಂದೇ ತಂದುಕೊಟ್ಟೆಯೋ? ಇದೊಂದೇ ಯೋಚನೆಯಲ್ಲಿ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ನಿನ್ನೆ ಭಾನುವಾರ. ಅವನು ಮಲಗಿದ್ದಾಗ ಬೀಗದ ಕೈ ಎತ್ತಿಕೊಂಡು, ಉಳಿದ ಎರಡರಲ್ಲಿ ಒಂದನ್ನು ಕುಯ್ದು ಸಾರು ಮಾಡಿ ಗ್ರೂಷ್ಕಾಗೆ ಬಡಿಸಿದೆ. ಬಾಣಂತಿಯಾದಾಗ ನಿನಗೆ ಕುಡಿಸಬೇಕಿದ್ದ ಸಾರು. ಇದ್ಯಾವ ಹಕ್ಕಿ ಅಮ್ಮಾವ್ರೆ ಎಂದ. ನಮ್ಮ ಕಾಳು ತಿಂದು ಆಚೆ ಮನೆಗೆ ಹಾರೋದು ಎಂದೆ. ಚಮಚ ಕೆಳಗಿಟ್ಟು, ಮಗಳು ಬಸುರಿ, ಗಡಿಯಾಚೆ ಇದ್ದಾಳೆ, ನೆನಪಿರ್ಲಿ ಎಂದ.

ಆದರೆ ಟ್ರುಡ್ಕಾ, ನಿನ್ನ ತಮ್ಮ ಯೂಲೆಕ್ ಈ ವಾರ ಅಂಥದೇ ಸೈನಿಕರ ರೈಲಿನಲ್ಲಿ ಬರುವವನಿದ್ದಾನೆ. ಸ್ಟೇಷನ್ನಿಗೆ ಬಾ ಅಮ್ಮ, ಕಿಟಕೀಲಿ ಕೈ ಬೀಸ್ತೀನಿ ಎಂದು ಬರೆದಿದ್ದಾನೆ. ಅವನ ರೈಲು ಎತ್ತ ಹೋಯಿತೆಂದು ಹೆಲ್ಮುಟ್‌ಗೆ ಅಂದೇ ತಿಳಿದುಬಿಟ್ಟರೆ? ಇಬ್ಬರನ್ನೂ ಹೆತ್ತವಳು ನಾನೇ. ಯಾರಿಗೂ ಇನ್ನೂ ಒಂದು ಮಾತೂ ಹೇಳಿಲ್ಲ.

ಹೊಟ್ಟೆಯಲ್ಲಿರುವ ಕೂಸಿಗೆ ಅಜ್ಜಿಯ ಮುತ್ತು.

ನಿನ್ನನ್ನು ಹೆತ್ತ
ಮಾರ್ಥಾ

ಮತ್ತೆ: ಯಾರಿಗೂ ಹೇಳಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಬೆಳಿಗ್ಗೆಯೇ ಠಾಣೆಗೆ ಹೋಗಿ ಬಂದೆ. ಗ್ರೂಷ್ಕಾನನ್ನು ಎಳೆದುಕೊಂಡು ಹೋದರು. ಹಕ್ಕಿ ತಂದವರು ಯಾರು ಎಂದು ಕೇಳಿದರು. ಸಂತೆಯಲ್ಲಿ ಕೊಂಡೆ ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಿಂದ ಬಂದದ್ದು ನಿನ್ನ ಹೆಸರು. ಗಡಿಯಲ್ಲಿ ನಿನಗಾಗಿ ಕಾಯುತ್ತಿದ್ದಾರೆ. ಪೆಲಾ ಎಲ್ಲಿ ತಡಮಾಡುತ್ತಾಳೋ ಎಂದು, ಬಟ್ಟೆ ಬುಟ್ಟಿಯಲ್ಲಿ ಬಚ್ಚಿಟ್ಟಿದ್ದ ಕೊನೆಯ ಪಾರಿವಾಳವನ್ನು ಈಗಷ್ಟೇ ಬಿಟ್ಟೆ. ಅದರ ಕಾಲಿಗೂ ಇದನ್ನೇ ಬರೆದು ಕಟ್ಟಿದ್ದೇನೆ: ಹುಟ್ಟಿದ ಮನೆಗೆ ಬರಬೇಡ ಮಗಳೇ.