ಕೆಂಪು ಶಾಯಿಯ ಅರ್ಜಿ

ಶಿರಸಿ,
೨೨ ನವೆಂಬರ್ ೨೦೨೪

ಅಕ್ಕರೆಯ ಅಭಿಜ್ಞಾ,

ನಿನ್ನ ಆರೋಗ್ಯ ಹೇಗಿದೆ? ಯಲ್ಲಾಪುರಕ್ಕೆ ಹೊರಟ ದಿನ ನಿನ್ನ ಗಂಟಲು ಕಟ್ಟಿತ್ತು. ವೇದಾ ಅತ್ತೆ ಕಷಾಯ ಮಾಡಿಕೊಟ್ಟಿರುತ್ತಾಳೆ. ನೀನು ಅರ್ಧ ಕುಡಿದು ಉಳಿದದ್ದನ್ನು ಹಿತ್ತಲಿಗೆ ಚೆಲ್ಲಿರುತ್ತೀಯೆ. ನಾನು ಸೌಖ್ಯವಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ಮೈ ಸೌಖ್ಯವಾಗಿಯೇ ಇದೆ. ಉಳಿದದ್ದನ್ನು ಹೇಳುವುದಕ್ಕಾಗಿ ಈ ಕಾಗದ.

ನಿಮ್ಮ ವಿಶ್ವವಿದ್ಯಾಲಯದ ಕೇಂದ್ರದ ತಿರುವಿನಲ್ಲಿ ಮದ್ಯದಂಗಡಿ ತೆರೆದು ಇಂದಿಗೆ ಎಂಟು ದಿನ. ವಿದ್ಯಾಸಂಸ್ಥೆಯಿಂದ ನೂರು ಮೀಟರಿನೊಳಗೆ ಅಂಥ ಅಂಗಡಿ ಇರಕೂಡದೆಂಬ ನಿಯಮವನ್ನು ಹುಡುಕಿ ತೆಗೆದವಳು ನೀನು. ಹೆಬ್ಬಾಗಿಲಿನಿಂದ ಹಗ್ಗ ಹಿಡಿದು ಎಂಬತ್ತಾರು ಮೀಟರೆಂದು ಅಳೆದವಳೂ ನೀನು. ನಿವೃತ್ತ ಕನ್ನಡ ಅಧ್ಯಾಪಕನೆಂದು ನನ್ನನ್ನು ನಿಮ್ಮ ಜಾಗೃತಿ ಸಮಿತಿಗೆ ಗೌರವಾಧ್ಯಕ್ಷನನ್ನಾಗಿ ಮಾಡಿಕೊಂಡಿರಿ. ಅರ್ಜಿಗೆ ಅಧ್ಯಕ್ಷನ ಸಹಿ ಬೇಕಾಗಿತ್ತು. ಅಂಗಡಿಗೆ ಪರವಾನಗಿ ಕೊಡಬಾರದೆಂದು ಅಬಕಾರಿ ಕಚೇರಿಗೆ ಕೊಡಬೇಕಾದ ಆ ಅರ್ಜಿಯನ್ನು ನೀನು ದೀಪಾವಳಿಯ ಹಿಂದಿನ ವಾರ, ಸೋಮವಾರ ತಂದೆ. ಹಾಳೆಯ ಬೆನ್ನಿಗೆ ನೂರಹನ್ನೆರಡು ಸಹಿಗಳಿದ್ದವು. ನನ್ನ ಕಣ್ಣಿಗೆ ಬಿದ್ದದ್ದು ಅವಲ್ಲ. ನಾಲ್ಕು ಕಡೆ ‘ಮಧ್ಯದಂಗಡಿ’ ಎಂದಿತ್ತು. ಮದ್ಯವೆಂದರೆ ಹೆಂಡ, ಮಧ್ಯವೆಂದರೆ ನಡು. ದಕಾರದ ಹೊಟ್ಟೆ ಸೀಳಿದರೆ ಅದು ನಡುವಿನ ಅಂಗಡಿಯಾಗುತ್ತದೆ ಎಂದು ಪಾಠ ಹೇಳತೊಡಗಿದೆ. “ಅಜ್ಜ, ಒಂದು ಅಕ್ಷರಕ್ಕೆ ಎಂತೂ ಆಗ್ತಿಲ್ಲೆ. ಸಹಿ ಮಾಡಿ ಕೊಡು, ಶುಕ್ರವಾರವೇ ಕಡೇ ದಿನ” ಎಂದೆ ನೀನು. ತಪ್ಪು ಕನ್ನಡದ ಕೆಳಗೆ ನನ್ನ ಹೆಸರು ಬೀಳದು ಎಂದೆ ನಾನು.

ಅರ್ಜಿಯನ್ನು ಇಟ್ಟುಕೊಂಡು ಕೆಂಪು ಶಾಯಿಯಲ್ಲಿ ತಿದ್ದಿದೆ. ತಿದ್ದುವ ಕೈ ಅಲ್ಲಿಗೆ ನಿಲ್ಲಲಿಲ್ಲ. ‘ಆಕ್ಷೇಪಣೆ’ಯನ್ನು ‘ಆಕ್ಷೇಪ’ ಮಾಡಿದೆ. ಕರ್ತೃವಿಗೂ ಕ್ರಿಯಾಪದಕ್ಕೂ ದೂರವಾಯಿತೆಂದು ಒಂದು ಇಡೀ ವಾಕ್ಯವನ್ನು ಹೊಡೆದುಹಾಕಿದೆ. ನೀನು ಮಂಗಳವಾರ ಬಂದೆ, ಬುಧವಾರ ಬಂದೆ. ಎರಡು ಸಲವೂ ನಿನ್ನನ್ನು ಬರಿಗೈಯಲ್ಲಿ ಕಳುಹಿಸಿದೆ. ಶುಕ್ರವಾರ ಮಧ್ಯಾಹ್ನ ನಾನು ಕೊಟ್ಟ ಹಾಳೆಯನ್ನು ನೋಡಿ ಕಚೇರಿಯ ಗುಮಾಸ್ತ, “ಇದೆಂತ ತಂಗಿ, ಅರ್ಜಿಯೋ ಪರೀಕ್ಷೆ ಪೇಪರೋ? ಚೊಕ್ಕ ಬರೆದು ತಗಂಡು ಬಾ” ಎಂದು ತಿರುಗಿಸಿದನಂತೆ. ಚೊಕ್ಕ ಬರೆದರೆ ಸಹಿಗಳೂ ಹೊಸದಾಗಿ ಬೇಕು. ನಿನ್ನ ಜೊತೆಯವರೆಲ್ಲ ಆಗಲೇ ದೀಪಾವಳಿಯ ರಜೆಗೆ ಸಿದ್ದಾಪುರ, ಸೋಂದಾ ಎಂದು ಊರು ಹಿಡಿದಿದ್ದರು. ಅವಧಿ ಮುಗಿಯಿತು.

ರಜೆಯ ಬಳಿಕದ ಸಭೆಯಲ್ಲಿ ನಿಮ್ಮ ಸಮಿತಿಯ ಸಂಜಯ ಎದ್ದು, “ಅಷ್ಟು ದಿನ ಅರ್ಜಿ ಯಾರ ಕೈಲಿತ್ತು ಮಾರಾಯ್ತಿ? ಅಂಗಡಿಯವ್ರ ಕೈಲಾ?” ಎಂದ. ಎಲ್ಲರೂ ನಕ್ಕರು. ನೀನು ನನ್ನ ಕಡೆಗೆ ಒಮ್ಮೆ ನೋಡಿದೆ. ಆಮೇಲೆ “ತಡ ಮಾಡಿದ್ದು ನಾನೇ” ಎಂದು ಕುಳಿತೆ. ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ಕನ್ನಡಕ ಒರೆಸುತ್ತಿದ್ದೆ. ಮೂವತ್ತಾರು ವರ್ಷ ಬೇರೆಯವರ ತಪ್ಪಿಗೆ ಗೆರೆ ಎಳೆದ ನನಗೆ, ‘ತಪ್ಪು ನನ್ನದು’ ಎಂಬ ಎರಡು ಪದದ ವಾಕ್ಯ ಕಟ್ಟಲು ಆಗಲಿಲ್ಲ. ಮರುದಿನವೇ ನೀನು ಕಾರ್ಯದರ್ಶಿಯ ಹೊಣೆ ಬಿಟ್ಟು ಯಲ್ಲಾಪುರದ ಬಸ್ಸು ಹತ್ತಿದೆ. ಹೊರಡುವಾಗಲೂ ನನ್ನನ್ನು ದೂರಲಿಲ್ಲ. ಮೊಣಕಾಲಿನ ಎಣ್ಣೆ ಎಲ್ಲಿದೆ ಎಂದಷ್ಟೇ ಹೇಳಿದೆ.

ನಿನ್ನೆ ನಿಮ್ಮ ಹಾಸ್ಟೆಲಿನ ಅಡುಗೆಯ ದೇವಕಿ ದಾರಿಯಲ್ಲಿ ಸಿಕ್ಕಳು. ಹೆಣ್ಣುಮಕ್ಕಳು ನಡೆಯುವ ಕಾಲುದಾರಿಯ ಗಾಜಿನ ಚೂರುಗಳನ್ನು ಹೆಕ್ಕುತ್ತಿದ್ದಳು. ನಿನ್ನನ್ನು ಕೇಳಿದಳು. ಯಾವ ಧೈರ್ಯದಿಂದಲೋ ತಿಳಿಯದು, ಅವಳೆದುರು ಎಲ್ಲವನ್ನೂ ಹೇಳಿದೆ. “ಅಕ್ಷರ ತಪ್ಪಾದ್ರೆ ನಮ್ಮ ಸಹಿಯೂ ತಪ್ಪಾಗ್ತಿತ್ತಾ, ಮಾಸ್ತರ್ರೇ?” ಎಂದು ಕೇಳಿ ಮತ್ತೆ ಬಗ್ಗಿದಳು. ಸಂಜೆ ಸಂಜಯನನ್ನೂ ಉಳಿದವರನ್ನೂ ಕಂಡು ತಡ ಮಾಡಿದ್ದು ನಾನು, ನೀನಲ್ಲ ಎಂದು ಹೇಳಿ ಬಂದೆ. ಸಂಜಯ, “ಅವಳಿಗೆ ನಾವು ಫೋನ್ ಮಾಡ್ತೇವೆ” ಎಂದ. ಮಾಡಿದರೆ ಎತ್ತು, ಮಗೂ.

ವೇದಾಳಿಗೆ ನನ್ನ ಆಶೀರ್ವಾದ ತಿಳಿಸು. ನಿನಗೆ ಆಶೀರ್ವಾದ ಬರೆಯಲು ಈ ಸಲ ಸಂಕೋಚವಾಗುತ್ತದೆ, ಆದರೂ ಒಳ್ಳೆಯದಾಗಲಿ.

ನಿನ್ನ ಅಜ್ಜ,
ನಾಗಪತಿ

ಸೇರ್ಪಡೆ: ಅಂಚೆಗೆ ಹೊತ್ತಾಯಿತು, ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಅವಧಿ ಮೀರಿದರೂ ಮೇಲ್ಮನವಿ ಹಾಕಲು ಬರುತ್ತದೆ, ತಡವಾದದ್ದೇಕೆಂದು ಕಾರಣ ಕೊಡಬೇಕು ಎಂದು ವಕೀಲ ದಿನಕರ ಹೇಳಿದ್ದಾನೆ. ಅರ್ಜಿದಾರಳು ನೀನೇ ಆಗಬೇಕು. ನಿನಗೆ ಬಿಟ್ಟರೆ ಜ್ವರವೆಂದೋ ಪರೀಕ್ಷೆಯೆಂದೋ ಬರೆದು ಮತ್ತೆ ನನ್ನನ್ನು ಉಳಿಸುತ್ತೀಯೆ. ಅದಕ್ಕೇ ಆ ಕಾರಣವನ್ನು ನಾನೇ ಬರೆದು, ನನ್ನ ಪೂರ್ಣ ಹೆಸರು ಹಾಕಿ, ಸಹಿ ಮಾಡಿ ಇದರೊಳಗೆ ಇಟ್ಟಿದ್ದೇನೆ. ಕೆಳಗೆ ನಿನ್ನ ಸಹಿ ಹಾಕಿ ಸೋಮವಾರದೊಳಗೆ ದಿನಕರನಿಗೆ ಕಳುಹಿಸು. ಒಂದಕ್ಷರವನ್ನೂ ತಿದ್ದಬೇಡ.