ನಿಮ್ಮ ಮನೆಯಲ್ಲಿ ಎಷ್ಟು ಕಂಪ್ಯೂಟರ್?

ವಾರ್ಕಾವುಸ್,
ಅಕ್ಟೋಬರ್ 9

ತಾಯ್ಸ್ತೊ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯ ಎಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ. ಇಮೇಲ್ ಕಳಿಸಬಹುದಿತ್ತು. ಆದರೆ ಆಂಟಿವೈರಸ್ ಅವಧಿ ಮುಗಿಯುತ್ತಿದೆ ಎಂದು ಬರುವ ಇಮೇಲನ್ನೆಲ್ಲ ನೀನು ಕಳ್ಳರದ್ದೆಂದು ಅಳಿಸಿಹಾಕುತ್ತೀಯ. ಹಾಗೆ ಮಾಡು ಎಂದು ಕಲಿಸಿದವಳೂ ನಾನೇ.

ಈ ಸಲ ನಿಜವಾಗಿಯೂ ಮುಗಿಯುತ್ತಿದೆ, ತಿಂಗಳ ಕೊನೆಗೆ. ಹೊಸದನ್ನು ಕೊಳ್ಳಲು ಹೋದರೆ ಮೊದಲ ಪ್ರಶ್ನೆಯೇ 'ನಿಮ್ಮ ಮನೆಯಲ್ಲಿ ಎಷ್ಟು ಕಂಪ್ಯೂಟರ್?' ಎಂದು. ಒಂದು ಎಂದು ಒತ್ತಿದರೆ ಸರೋವರದ ದಡದ ಬೇಸಿಗೆಮನೆಯಲ್ಲಿರುವ ನಿನ್ನ ಲ್ಯಾಪ್‌ಟಾಪನ್ನು ನನ್ನ ಆಂಟಿವೈರಸ್ ಖಾತೆಯಿಂದ ತೆಗೆಯಬೇಕು. ಎರಡು ಎಂದು ಒತ್ತಿದರೆ ನೀನಿನ್ನೂ ಈ ಮನೆಯವನು ಎಂದು ನಾನೊಬ್ಬಳೇ ತೀರ್ಮಾನಿಸಿದಂತೆ. ಗಂಡ ಹೆಂಡತಿಯ ವಿಷಯವನ್ನು ಒಂದು ಯಂತ್ರ ಹೀಗೆ ಮುಖಕ್ಕೆ ಹೊಡೆದಂತೆ ಕೇಳಬಹುದೆಂದು ನಾನು ಎಣಿಸಿರಲಿಲ್ಲ.

ಶನಿವಾರ ನಮ್ಮ ಕಟ್ಟಡದವರೆಲ್ಲ ಸೇರಿ ಅಂಗಳದ ಎಲೆ ಗುಡಿಸಿದೆವು. ಸಾಸೇಜ್ ಸುಡುವಾಗ ನಾನು ಆಂಟಿವೈರಸ್ ವಿಷಯ ತೆಗೆದೆ. ಟೆಲಿಫೋನ್ ಕಂಪನಿಯಿಂದ ನಿವೃತ್ತನಾದ ಕೆಳಮನೆಯ ಇಸ್ಮೊ ಶುರು ಮಾಡಿಯೇಬಿಟ್ಟ. "ದುಡ್ಡು ಕೊಟ್ಟು ಯಾಕ್ ತಗೋತೀಯ ರೈಲಿ? ಕಂಪ್ಯೂಟರ್ ಜೊತೇಲೇ ಒಂದು ಬರತ್ತಲ್ಲ, ಅದೇ ಸಾಕು. ಅಪ್‌ಡೇಟ್ ಮಾಡ್ಕೊಂಡಿರು, ಸಿಕ್ಕಿದ್ದನ್ನೆಲ್ಲ ಒತ್ತಬೇಡ, ಅಷ್ಟೇ" ಅಂದ. ಎದುರುಮನೆಯ ಔಲಿಕ್ಕಿ ಸುಮ್ಮನಿರುತ್ತಾಳೆಯೇ? "ಅಷ್ಟೇ ಅಂತೆ ಅಷ್ಟೇ! ಪಾರ್ಸೆಲ್ ಬಂದಿದೆ ಅಂತ ಮೆಸೇಜ್ ಬಂದಾಗ ನಾನು ಬ್ಯಾಂಕ್ ಕೋಡ್ ಕೊಟ್ಟು ಕೂತ್ನಲ್ಲ, ಆಗೆಲ್ಲಿ ಹೋಗಿತ್ತಪ್ಪ ನಿನ್ನ ಬುದ್ಧಿವಾದ?" ಅಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಇಸ್ಮೊ "ಅದಿರ್ಲಿ, ಎಷ್ಟು ಮಿಷಿನ್‌ಗೆ ಬೇಕು?" ಅಂದ. ನಗು ನಿಂತಿತು. ಒಬ್ಬೊಬ್ಬರಾಗಿ ಎದ್ದು ಮತ್ತೆ ಗುಡಿಸತೊಡಗಿದರು. ಆಗಲೇ ಗುಡಿಸಿದ ಜಾಗವನ್ನೇ ಗುಡಿಸಿದರು.

ನಾನೂ ವಿಚಾರಿಸಿ ನೋಡಿದೆ. ಪುಕ್ಕಟೆಯ ಒಂದಿದೆ, ಗಳಿಗೆಗೊಮ್ಮೆ ಎದುರಿಗೆ ಬಂದು ನನ್ನನ್ನು ಕೊಳ್ಳು ಎಂದು ಗೋಗರೆಯುತ್ತದೆ. ಇನ್ನೊಂದನ್ನು ಹಾಕಿದ ಕೂಡಲೇ ನಮ್ಮ ಹಳೆಯ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಮೂರನೆಯದು ಪರವಾಗಿಲ್ಲ. ಬ್ಯಾಂಕಿನ ಹೆಸರಿನ ನಕಲಿ ಪುಟ ತೆರೆದರೆ ತಡೆಯುತ್ತದೆ, ಉಳಿದ ಹೊತ್ತು ಬಾಯಿ ಮುಚ್ಚಿಕೊಂಡಿರುತ್ತದೆ. ನಿನಗೆ ಹಿಡಿಸುವಂಥದ್ದು. ಅದನ್ನೇ ತೆಗೆದುಕೊಳ್ಳುತ್ತೇನೆ. ಎಷ್ಟು ಕಂಪ್ಯೂಟರಿಗೆ ಎಂಬುದೊಂದೇ ಬಾಕಿ.

ಹೋದ ವರ್ಷ ಮೇ ತಿಂಗಳಲ್ಲಿ, ಸರೋವರದ ಮಂಜುಗಡ್ಡೆ ಕರಗಿದ ಮೇಲೆ, ನೀನು ಬೇಸಿಗೆಮನೆಯ ಛಾವಣಿ ರಿಪೇರಿ ಎಂದು ಹೊರಟೆ. ಛಾವಣಿ ಆಯಿತು, ದೋಣಿಕಟ್ಟೆಯೂ ಆಯಿತು, ನೀನು ಬರಲಿಲ್ಲ. ಯಾವಾಗ ಬರುತ್ತೀಯ ಎಂದು ನಾನು ಕೇಳಲಿಲ್ಲ. ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕು ಎಂದು ನಮ್ಮಮ್ಮನೂ ನಿಮ್ಮಮ್ಮನೂ ಕಲಿಸಿದ್ದರು. ಕೇಳದವಳಿಗೆ ಹೇಳುವುದೇನು ಎಂದು ನೀನು ಸುಮ್ಮನಿದ್ದಿರಬಹುದು. ಕ್ರಿಸ್‌ಮಸ್‌ಗೆ ನೀನು ಬಂದೆ, ಹಂದಿಮಾಂಸ ಉಂಡೆ, ಚೆನ್ನಾಗಿದೆ ಅಂದೆ, ಮರುದಿನ ಹೊರಟೆ. ನನಗೆ ಕೆಟ್ಟ ಸಿಟ್ಟು ಬಂದಿತ್ತು. ಆದರೂ ನಾನು ಉಣ್ಣೆಯ ಕಾಲುಚೀಲ ಕಟ್ಟಿ ಕೊಟ್ಟೆ. ಇಬ್ಬರೂ ಕೂಗಾಡಿ ಬೇರೆಯಾಗಿದ್ದರೆ ಈ ಪ್ರಶ್ನೆಗೆ ಇಷ್ಟು ಹೊತ್ತು ಕೂರಬೇಕಿರಲಿಲ್ಲ.

ಆದ್ದರಿಂದ ಒಂದು ಕಾರ್ಡಿನ ಮೇಲೆ ಒಂದು ಅಥವಾ ಎರಡು ಎಂದು ಬರೆದು ಕಳಿಸು. ಬೇರೇನೂ ಬರೆಯಬೇಕಿಲ್ಲ. ಉತ್ತರ ಬಾರದಿದ್ದರೆ ಒಂದು ಎಂದೇ ಒತ್ತುತ್ತೇನೆ. ನಿನ್ನ ಲ್ಯಾಪ್‌ಟಾಪಿಗೆ ನೀನೇ ಏನಾದರೂ ಹಾಕಿಕೋ, ಆ ಪುಕ್ಕಟೆಯದು ಮಾತ್ರ ಬೇಡ.

ಇಂತಿ,
ರೈಲಿ

ತಾ.ಕ.: ನಿನ್ನ ಲ್ಯಾಪ್‌ಟಾಪ್ ತೆರೆದಿದೆಯೋ ಇಲ್ಲವೋ ಎಂಬುದು ನನ್ನ ಖಾತೆಯಲ್ಲಿ ಕಾಣಿಸುತ್ತದೆ. ನಿನಗೆ ಇದನ್ನು ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಕಾಫಿಗೂ ಮೊದಲು ನೋಡುತ್ತೇನೆ. ನಿನ್ನ ಹೆಸರಿನ ಪಕ್ಕ ಹಸಿರು ಗುರುತು ಇದ್ದರೆ ನೀನು ಎದ್ದು ಪತ್ರಿಕೆ ಓದುತ್ತಿದ್ದೀಯ ಎಂದು ಸಮಾಧಾನ. ಹೋದ ವಾರದಿಂದ ಅದು ಬೂದು ಬಣ್ಣಕ್ಕೆ ತಿರುಗಿದೆ. ಫೋನನ್ನೂ ಎತ್ತುತ್ತಿಲ್ಲ. ಇಸ್ಮೊಗೆ ಹೇಳಿದರೆ "ಮುಚ್ಚಿಟ್ಟಿರ್ತಾನೆ, ಬಿಡು" ಅಂದ. ನನ್ನಿಂದ ಬಿಡಲಾಗುತ್ತಿಲ್ಲ, ತಾಯ್ಸ್ತೊ, ಭಯವಾಗುತ್ತಿದೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಮೊದಲ ಬಸ್ಸಿಗೆ ನಾನೇ ತರುತ್ತೇನೆ, ಹೇಳದೆ ಕೇಳದೆ. ಬಾಗಿಲು ತೆಗೆದವನು ನೀನಾದರೆ ಇದನ್ನು ಓದುವ ಅಗತ್ಯವಿಲ್ಲ. ಮನೆಗೆ ಯಾವಾಗ ಬರ್ತೀಯ ಎಂದು ಬಾಯಿಬಿಟ್ಟು ಕೇಳುತ್ತೇನೆ.