ಗುರುವಾರ ಹನ್ನೊಂದು ಗಂಟೆಯ ಬಡಗಿ

ಲಿಫ್ಟಿನ ಮೋಟಾರು ಕೋಣೆ, ಒಂಬತ್ತನೆಯ ಮಹಡಿಯ ಮೇಲೆ
ಮಂಗಳವಾರ, ಮಾರ್ಚ್ ೧೨, ಊಟದ ಹೊತ್ತು

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಗಂಟಲು ಸರಿಹೋಯಿತೇ? ದಿನವಿಡೀ ಕಿವಿಗೆ ಫೋನು ಸಿಕ್ಕಿಸಿಕೊಂಡು ಊರವರ ಸಿಗರೇಟು ಬಿಡಿಸುವ ಕೆಲಸವೆಂದರೆ ಗಂಟಲು ಕಟ್ಟದೆ ಇನ್ನೇನಾದೀತು? ಬಿಸಿನೀರು ಕುಡಿ, ಮಧ್ಯೆ ಮಧ್ಯೆ ಎದ್ದು ಓಡಾಡು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮನ ಮೊಣಕಾಲು ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನನ್ನ ಲಿಫ್ಟುಗಳೂ ಅಷ್ಟೇ, ಒಂದನ್ನು ರಿಪೇರಿ ಮಾಡಿ ಇಳಿಯುವಷ್ಟರಲ್ಲಿ ಇನ್ನೊಂದು ಮುನಿಸಿಕೊಂಡಿರುತ್ತದೆ.

ಫೋನು ಇರುವಾಗ ಅಪ್ಪ ಯಾಕೆ ಕಾಗದ ಬರೆಯಲು ಕೂತ ಎಂದು ನಗಬೇಡ. ಫೋನಿನಲ್ಲಿ ನಿನಗೆ ಸುಳ್ಳು ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿಯಾಗಿಬಿಟ್ಟಿದೆ. ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ನಾನು ಮತ್ತೆ ಸಿಗರೇಟು ಸೇದುತ್ತಿದ್ದೇನೆ ಪುಟ್ಟೀ. ಎಂಟು ತಿಂಗಳಾಯಿತು.

ಆರು ವರ್ಷದ ಹಿಂದೆ ನೀನೇ ಅಲ್ಲವೇ ನನ್ನನ್ನು ಆ ಸಿಗರೇಟು ಬಿಡಿಸುವ ಕೇಂದ್ರಕ್ಕೆ ಎಳೆದುಕೊಂಡು ಹೋದದ್ದು. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ನೋಡಿಕೊಂಡರು. ಮೊದಮೊದಲು ದಿನಾ ಫೋನು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಹೋದಾಗಲೆಲ್ಲ ಒಂದು ಪೆಟ್ಟಿಗೆಯ ಕೊಳವೆಗೆ ಉಸಿರು ಊದಿಸಿ, ಅದರಲ್ಲಿ ಹೊಗೆಯ ಅಂಶ ಇದೆಯೇ ಎಂದು ನೋಡುತ್ತಿದ್ದರು. ಕಳ್ಳತನಕ್ಕೆ ದಾರಿಯೇ ಇರಲಿಲ್ಲ. ವರ್ಷ ತುಂಬಿದ ದಿನ ಪ್ರಮಾಣಪತ್ರ ಕೊಟ್ಟು ಕೈಕುಲುಕಿದರು. ಅಲ್ಲಿಗೆ ಫೋನೂ ನಿಂತಿತು. ಅವರನ್ನು ದೂರುವುದಿಲ್ಲ, ಹೊಸಬರು ಸಾಲುಗಟ್ಟಿ ನಿಂತಿರುವಾಗ ಹಳಬರನ್ನು ಯಾರು ಕೇಳುತ್ತಾರೆ? ಆದರೆ ವರ್ಷ ತುಂಬಿತೆಂದು ನನ್ನ ಆಸೆಗೆ ಯಾರೂ ಹೇಳಿರಲಿಲ್ಲ. ನಿನ್ನಮ್ಮ ಆ ಪತ್ರಕ್ಕೆ ಗಾಜು ಹಾಕಿಸಿ ಕನ್ನಡಿಯ ಪಕ್ಕದಲ್ಲೇ ತೂಗುಹಾಕಿದಳು. ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಅದನ್ನು ನೋಡದೆ ಬೇರೆ ದಾರಿಯಿಲ್ಲ.

ಹೋದ ವರ್ಷ ಒಂದು ಆಸ್ಪತ್ರೆಯ ಲಿಫ್ಟಿನಲ್ಲಿ ನಾನೇ ಸಿಕ್ಕಿಹಾಕಿಕೊಂಡೆ. ನಾಲ್ಕು ಮತ್ತು ಐದನೆಯ ಮಹಡಿಯ ನಡುವೆ, ಮೂರು ಗಂಟೆ. ದೀಪವಿಲ್ಲ, ಫ್ಯಾನಿಲ್ಲ. ಊರವರನ್ನೆಲ್ಲ ಇಳಿಸುವವನಿಗೆ ತನ್ನನ್ನು ಇಳಿಸಿಕೊಳ್ಳಲು ಬರಲಿಲ್ಲ. ಹೊರಗೆ ಬಂದವನೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಲ್ಲಿನ ಕಾವಲುಗಾರ ಪಾಪ ಒಳ್ಳೆಯವನು. “ಮೂರು ಗಂಟೆ ಒಳಗಿದ್ದೆ ಕಣಣ್ಣಾ, ಒಂದು ಎಳ್ಕೋ” ಎಂದು ಹಚ್ಚಿಯೇ ಕೊಟ್ಟ. ಒಂದೇ ತಾನೇ ಎಂದುಕೊಂಡೆ. ಆ ಒಂದು ಇನ್ನೂ ಮುಗಿದಿಲ್ಲ.

ಸಹಾಯ ಕೇಳೋಣವೆಂದರೆ ಆ ಕೇಂದ್ರಕ್ಕೆ ಇರುವುದು ಒಂದೇ ಸಹಾಯವಾಣಿ, ಅದರಲ್ಲಿ ಕೂತಿರುವವಳು ನೀನು! ನನ್ನನ್ನು ನೋಡಿಯೇ ಅಲ್ಲವೇ ನೀನು ಆ ಕೆಲಸಕ್ಕೆ ಸೇರಿದ್ದು? ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಲ್ಲಿ ಫೋನೆತ್ತಲು ಹದಿನೈದು ಜನ ಇದ್ದಾರೆ, ನೀನೇ ಏಕೆ ಸಿಗುತ್ತೀಯ ಎಂಬ ಧೈರ್ಯದ ಮೇಲೆ ಒಂದು ದಿನ ಈ ಕೋಣೆಯ ಫೋನಿನಿಂದ ಮಾಡಿದೆ. ನೀನೇ ಸಿಕ್ಕಿದೆ. ಇಟ್ಟುಬಿಡಬೇಕಿತ್ತು. ನಿನ್ನ ದನಿ ಕೇಳಿ ಇಡಲಾಗಲಿಲ್ಲ. ಬಾಯಿಗೆ ಕರ್ಚೀಫು ಅಡ್ಡ ಹಿಡಿದು, ದನಿ ದಪ್ಪ ಮಾಡಿ, ನಾನೊಬ್ಬ ಬಡಗಿ ಎಂದೆ. ಮೋಟಾರಿನ ಸದ್ದನ್ನು ಮರ ಕೊಯ್ಯುವ ಸದ್ದು ಎಂದೆ. ಎಷ್ಟು ಪ್ರೀತಿಯಿಂದ ಮಾತಾಡಿದೆಯಮ್ಮಾ ಆ ಬಡಗಿಯ ಜೊತೆ! “ಗುರುವಾರ ಹನ್ನೊಂದಕ್ಕೆ ಮಾಡಿ ಯಜಮಾನ್ರೇ, ನಾನೇ ಇರ್ತೀನಿ” ಎಂದು ನೀನೇ ಹೇಳಿದೆ. ಅಂದಿನಿಂದ ಪ್ರತಿ ಗುರುವಾರ ನಾನು ಬಡಗಿ.

ಹೌದು ಪುಟ್ಟೀ, ಅವನು ನಾನೇ. ಕೈಗೆ ಕೆಲಸ ಕೊಡಿ ಎಂದು ನೀನು ಹೇಳಿದೆ, ನಾನು ಕೊಟ್ಟೆ. ಊಟವಾದ ಕೂಡಲೇ ಎದ್ದು ನಡೆಯಿರಿ ಎಂದು ಹೇಳಿದೆ, ನಾನು ನಡೆದೆ. ಒಮ್ಮೆ ಒಂಬತ್ತು ದಿನ ಮುಟ್ಟದೆ ಇದ್ದೆ. ನೀನು ಅಲ್ಲಿ ಚಪ್ಪಾಳೆ ತಟ್ಟಿದ್ದು ಇಲ್ಲಿಗೆ ಕೇಳಿಸಿತು. ಆದರೆ ಪ್ರತಿ ಸಲವೂ ಕೊನೆಯಲ್ಲಿ ನಿಮ್ಮಪ್ಪನ ವಿಷಯ ತೆಗೆಯುತ್ತೀಯ. “ನಮ್ಮಪ್ಪ ಆರು ವರ್ಷದಿಂದ ಕೈಯಲ್ಲೂ ಮುಟ್ಟಿಲ್ಲ, ನಿಮ್ಮಿಂದಾನೂ ಆಗುತ್ತೆ” ಎನ್ನುತ್ತೀಯ. ಆ ಮನುಷ್ಯನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಗೊತ್ತೇ? ಅವನನ್ನು ಸಾಯಿಸಿದರೆ ನಿನಗೆ ನೋವು, ಬದುಕಿಸಿದರೆ ನನಗೆ ಉಸಿರುಕಟ್ಟುತ್ತದೆ. ನಿನ್ನಮ್ಮನಿಗೂ ಹೇಳಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಅವಳು ಕಾಫಿ ಕೊಡಲು ಹತ್ತಿರ ಬಂದರೂ ಮುಖ ತಿರುಗಿಸುತ್ತೇನೆ. ಅವಳು ಅದನ್ನು ಕೋಪ ಎಂದುಕೊಂಡಿದ್ದಾಳೆ.

ಕೆಳಗಿನಿಂದ ಗಂಟೆ ಬಾರಿಸುತ್ತಿದ್ದಾರೆ, ಯಾರೋ ಎರಡನೆಯ ಮಹಡಿಯಲ್ಲಿ ಕಾಯುತ್ತಿದ್ದಾರಂತೆ. ಮೈ ಹುಷಾರು, ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ವರ್ಷ ತಂಪಾಗಿರು ಕಂದಾ.

ನಿನ್ನ
ಅಪ್ಪ

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಯಿತು. ಮುಂದಿನ ಗುರುವಾರವೂ ಫೋನು ಮಾಡುತ್ತೇನೆ. ಅಳಬೇಡ, ಪಕ್ಕದವರ ಕೈಗೆ ಕೊಡಬೇಡ. ಇವತ್ತು ಎಷ್ಟು ಸೇದಿದ್ರಿ ಯಜಮಾನ್ರೇ ಎಂದು ಎಂದಿನಂತೆಯೇ ಕೇಳು, ನಿಜ ಹೇಳುತ್ತೇನೆ. ನಿಮ್ಮಪ್ಪನ ಕಥೆಯೊಂದನ್ನು ಮಾತ್ರ ಹೇಳಬೇಡ. ಅದನ್ನು ಕೇಳಿ ಫೋನು ಇಟ್ಟ ಕೂಡಲೇ, ಪ್ರತಿ ಗುರುವಾರವೂ, ನಾನು ಒಂದು ಹಚ್ಚುತ್ತೇನೆ.